ಹೆಸರು ನಿಂತಿದ್ದ ಚಿಪ್ಪು

ಮಧುಗಿರಿಯ ಆ ಮನೆಯಲ್ಲಿ ಬೀರುವಿನ ಬಾಗಿಲು ತೆಗೆದ ಕೂಡಲೇ ಹುಳಿ ವಾಸನೆ ಬಂತು. ವಿನೆಗರ್ ಚೆಲ್ಲಿ ಒಣಗಿದ ನೆಲದಿಂದ ಏಳುವಂಥ ವಾಸನೆ. ನಾನು ಶಿರಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಕಡಲ ಬಸವನಹುಳುಗಳ ಚಿಪ್ಪುಗಳ ನಡುವೆ ಬಹಳ ಕಾಲ ಕಳೆದವಳಿಗೆ ಆ ವಾಸನೆ ಏನು ಹೇಳುತ್ತಿದೆ ಎಂಬುದು ಗೊತ್ತಾಗುತ್ತದೆ. ಡ್ರಾಯರಿನ ಹಿಡಿ ಹಿಡಿದವಳು ಎಳೆಯಲಿಲ್ಲ.

"ಯಾಕಕ್ಕ? ಎಳೀರಿ, ಬೀಗ ಹಾಕಿಲ್ಲ," ಎಂದಳು ಹಿಂದೆ ನಿಂತಿದ್ದ ಮೇಷ್ಟ್ರ ಮಗಳು.

ಎಳೆದೆ. ಹತ್ತಿಯ ಹಾಸಿನ ಮೇಲೆ ಸಾಲಾಗಿ ಮಲಗಿದ್ದ ಚಿಪ್ಪುಗಳ ಮೇಲೆಲ್ಲ ಬಿಳಿ ಹುಡಿ. ಕೆಲವುಗಳ ಮೈಮೇಲೆ ಸೂಜಿಯಂಥ ಸಣ್ಣ ಹರಳುಗಳು ಎದ್ದಿದ್ದವು. ಒಂದನ್ನು ಬೆರಳಿನಿಂದ ಮುಟ್ಟಿದೆ, ಅದರ ತುದಿ ಸುಣ್ಣದ ಉಂಡೆಯಂತೆ ಉದುರಿತು.

"ಬೂಸ್ಟು ಹಿಡ್ದೈತೆ, ಅಲ್ವಾ? ಬಿಸ್ಲಿಗೆ ಇಟ್ರೆ ಹೋಯ್ತದೆ ಅಂದ್ಕಂಡಿದ್ದೆ."

ಬೂಸ್ಟಾಗಿದ್ದರೆ ಚೆನ್ನಾಗಿತ್ತು. ಪ್ಲೈವುಡ್ಡಿನ ಅಂಟಿನಿಂದ, ಮರದಿಂದ, ಹತ್ತಿಯಿಂದ ಸಣ್ಣಗೆ ಆಮ್ಲದ ಆವಿ ಬರುತ್ತಿರುತ್ತದೆ. ಮುಚ್ಚಿದ ಬೀರುವಿನಲ್ಲಿ ಅದಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಚಿಪ್ಪಿನ ಸುಣ್ಣವನ್ನು ಅದು ಮೇಲಿನಿಂದ ಒಳಕ್ಕೆ ತಿನ್ನುತ್ತ ಹೋಗುತ್ತದೆ. ಶುರುವಾದ ಮೇಲೆ ನಿಧಾನ ಮಾಡಬಹುದು, ಹೋದದ್ದನ್ನು ವಾಪಸು ತರಲಾಗುವುದಿಲ್ಲ. ಇದನ್ನೆಲ್ಲ ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಪಕ್ಕದ ಕೋಣೆಯಿಂದ ಮೇಷ್ಟ್ರ ದನಿ ಬಂತು. "ಏನಮ್ಮ, ಸಿಕ್ತಾ?"

ನಾನು ಹುಡುಕಿಕೊಂಡು ಬಂದಿದ್ದ ಚಿಪ್ಪು ಯಾವುದು, ಅದು ಯಾಕೆ ಬೇಕಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಮೇಷ್ಟ್ರು ನನಗೆ ಪದವಿಯಲ್ಲಿ ಕಲಿಸಿದವರು. ಕಳ್ಳಂಬೆಳ್ಳದ ಕಡೆ ಕುರಿ ಸಾಕುವ ಮನೆತನ. ಸಮುದ್ರವನ್ನು ಮೊದಲ ಸಲ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ, ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ದಾಗ. ಅಲ್ಲಿಂದ ಮುಂದೆ ಬೇಸಿಗೆ ರಜೆ ಬಂದರೆ ಕರಾವಳಿಯ ಬಂಡೆಗಳ ಮೇಲೆ ಇರುತ್ತಿದ್ದರು. ಸಿಂಪಿಯ ಚಿಪ್ಪಿಗೆ ತೂತು ಕೊರೆದು ಒಳಗಿನ ಮಾಂಸ ತಿನ್ನುವ ಬಸವನಹುಳುಗಳ ಕುಟುಂಬವೊಂದಿದೆ. ಅದರಲ್ಲಿ ಮೂರು ಪ್ರಭೇದಗಳು ಉಳಿದವುಗಳ ಜೊತೆ ಸೇರುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಎರಡು ಮೊದಲೇ ಗೊತ್ತಿದ್ದವು, ಮೂರನೆಯದು ಅವರೇ ಕಂಡುಹಿಡಿದದ್ದು. ಆ ಮೂರನ್ನೂ ಸೇರಿಸಿ ಹೊಸ ಕುಲ ಎಂದು ಹೆಸರಿಟ್ಟು ಪ್ರಕಟಿಸಿದರು. ಬಯಲುಸೀಮೆಯ ಕಾಲೇಜೊಂದರ ಮೇಷ್ಟ್ರು ಕಡಲಿನ ಒಂದು ಕುಲಕ್ಕೆ ಹೆಸರಿಟ್ಟದ್ದು ನಮಗೆಲ್ಲ ದೊಡ್ಡ ಸಂಗತಿಯಾಗಿತ್ತು.

ಹೊಸ ಕುಲಕ್ಕೆ ಹೆಸರಿಡುವಾಗ ಅದರೊಳಗಿನ ಒಂದು ಪ್ರಭೇದವನ್ನು ಮಾದರಿ ಎಂದು ಆರಿಸಬೇಕು. ಕುಲದ ಹೆಸರು ಎಂದೆಂದಿಗೂ ಆ ಪ್ರಭೇದದ ಜೊತೆಗೇ ಹೋಗುತ್ತದೆ. ಆ ಪ್ರಭೇದಕ್ಕಾದರೂ ಆಧಾರ ಒಂದೇ ಒಂದು ಚಿಪ್ಪು, ಅದನ್ನು ಮೂಲ ಮಾದರಿ ಎನ್ನುತ್ತೇವೆ. ಮೇಷ್ಟ್ರು ತಾವೇ ಕಂಡುಹಿಡಿದ ಮೂರನೆಯದನ್ನು ಮಾದರಿ ಮಾಡಿದ್ದರು. ಅದರ ಮೂಲ ಮಾದರಿಯನ್ನು ಒಂದು ಸಂಗ್ರಹಾಲಯಕ್ಕೆ ಕಳಿಸಿದರೆ, ಇಡಲು ಜಾಗವಿಲ್ಲವೆಂದು ಪೆಟ್ಟಿಗೆ ವಾಪಸು ಬಂತಂತೆ. ಅಂದಿನಿಂದ ಅದು ಈ ಬೀರುವಿನಲ್ಲಿತ್ತು.

ಕರಾವಳಿಯ ಸಂಶೋಧನಾ ಕೇಂದ್ರವೊಂದರಲ್ಲಿರುವ ನನ್ನ ಗೆಳೆಯ ಈ ಇಡೀ ಕುಟುಂಬದ ವರ್ಗೀಕರಣವನ್ನು ಹೊಸದಾಗಿ ಮಾಡುತ್ತಿದ್ದ. ನಾನೂ ಅದರಲ್ಲಿ ಜೊತೆಗಾರಳು. ಅವನು ಡಿಎನ್‌ಎ ಪರೀಕ್ಷೆ ಮುಗಿಸಿ ಫೋನ್ ಮಾಡಿದ್ದ.

"ನಿಮ್ಮ ಮೇಷ್ಟ್ರ ಎರಡು ಪ್ರಭೇದ ಉಂಟಲ್ಲ, ಅವು ನಿಜವಾಗಿ ಬೇರೆಯೇ ಕವಲು ಮಾರಾಯ್ರೆ. ಅವರು ಹೇಳಿದ್ದು ಸರಿ. ಆದ್ರೆ ಮೂರನೆಯದ್ದು ಸಿಗುವುದಿಲ್ಲ. ಅದು ಸಿಕ್ಕಿದ ಬಂಡೆಗಳ ಮೇಲೆ ಈಗ ಬಂದರಿನ ಗೋಡೆ ಕೂತಿದೆ. ಆಚೀಚೆ ಎಲ್ಲ ಹುಡುಕಿಸಿದೆ."

"ಹಳೇ ಮಾದರಿಯಿಂದ ಡಿಎನ್‌ಎ ತೆಗೆಯೋಕೆ ಆಗಲ್ವಾ?"

"ಫಾರ್ಮಲಿನ್‌ನಲ್ಲಿ ಅದ್ದಿ ಒಣಗಿಸಿದ್ದಲ್ವಾ? ಏನೂ ಹೊರಡುವುದಿಲ್ಲ. ಹಲ್ಲು ನೋಡ್ಬೇಕು, ಅಷ್ಟೇ ದಾರಿ."

ಬಸವನಹುಳುವಿನ ಬಾಯೊಳಗೆ ಅರದಂಥ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಸಾಲು ಸಾಲಾಗಿ ಹಲ್ಲುಗಳು. ಈ ಕುಟುಂಬದಲ್ಲಿ ಪ್ರತಿ ಸಾಲಿಗೂ ನಡುವೆ ಒಂದು ಅಗಲದ ಹಲ್ಲು, ಅದಕ್ಕೆ ಮೊನೆಗಳು. ಗೆಳೆಯ ಹೇಳಿದ ಬೇರೆ ಕವಲಿನಲ್ಲಿ ನಡುಹಲ್ಲಿಗೆ ಮೂರೇ ಮೊನೆ. ಬಹಳ ಹಿಂದೆ ಹೆಸರಾದ ಇನ್ನೊಂದು ಕುಲದಲ್ಲಿ ಐದು. ಮೇಷ್ಟ್ರ ಮೂಲ ಮಾದರಿಯಲ್ಲಿ ಮೂರು ಕಂಡರೆ ಅವರ ಕುಲ ಉಳಿಯುತ್ತದೆ. ಐದು ಕಂಡರೆ ಆ ಚಿಪ್ಪು ಹಳೆಯ ಕುಲಕ್ಕೆ ಸೇರಿದ್ದು, ಅದರ ಜೊತೆಗೆ ಅವರಿಟ್ಟ ಕುಲದ ಹೆಸರೂ ಹಳೆಯದರೊಳಗೆ ಮುಳುಗುತ್ತದೆ. ಏನೂ ಕಾಣದಿದ್ದರೆ "ಸಂಶಯಾಸ್ಪದ" ಎಂದು ಬರೆದು ಬದಿಗಿಡುತ್ತೇವೆ.

ಡ್ರಾಯರುಗಳಲ್ಲಿ ಹುಡುಕುತ್ತ ಹೋದಾಗ ಮೂಲ ಮಾದರಿಯ ಪೆಟ್ಟಿಗೆ ಕೆಳಗಿನದರಲ್ಲಿ ಸಿಕ್ಕಿತು. ಹೆಬ್ಬೆರಳಿನ ತುದಿಯಷ್ಟು ಚಿಪ್ಪು. ಮೇಲಿನ ಸುರುಳಿಗಳು ಆಗಲೇ ಬೆಳ್ಳಗಾಗಿದ್ದವು. ಮೇಷ್ಟ್ರು ಕುಲವನ್ನು ಗುರುತಿಸಲು ಆಧಾರ ಮಾಡಿಕೊಂಡಿದ್ದ ಮೈಮೇಲಿನ ಗುಬುಟುಗಳು ಒಂದು ಪಕ್ಕದಲ್ಲಿ ಸವೆದುಹೋಗಿದ್ದವು. ಬಾಯಿಯ ಆಳದಲ್ಲಿ ಕಂದು ಬಣ್ಣದ ಮುಚ್ಚಳ ಮಾತ್ರ ಇನ್ನೂ ಇತ್ತು. ಅಂದರೆ ಹುಳು ಅದರೊಳಗೇ ಸತ್ತು ಒಣಗಿದೆ. ಅದೇ ಪೆಟ್ಟಿಗೆಯಲ್ಲಿ ಅದೇ ಬಂಡೆಯಿಂದ ತಂದ ಕೆಲವು ಜೊತೆ ಚಿಪ್ಪುಗಳೂ ಇದ್ದವು.

ಮೇಷ್ಟ್ರ ಮಂಚದ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು ಅವರ ಬಲಭಾಗ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಬುದ್ಧಿ ಮೊದಲಿನಂತೆಯೇ ಇತ್ತು. ಬೀರುವಿನ ತನಕ ನಡೆದುಹೋಗಲಾಗದ್ದರಿಂದ ಚಿಪ್ಪುಗಳಿಗೆ ಹೀಗಾಗಿರುವುದು ಅವರಿಗೆ ಗೊತ್ತೇ ಇರಲಿಲ್ಲ.

"ಎಲ್ಲಾನೂವಾ?" ಎಂದರು.

"ಮೇಲಿನ ಡ್ರಾಯರು ಪೂರ್ತಿ ಹೋಗಿದೆ ಸಾರ್. ಕೆಳಗಿನವು ಅರ್ಧಂಬರ್ಧ."

ಕಿಟಕಿಯಾಚೆಯ ಬೆಟ್ಟವನ್ನು ನೋಡುತ್ತ ಮಲಗಿದರು. ಬಿಸಿಲಿಗೆ ಕಾದ ಬಂಡೆಯ ಕಾವು ಕೋಣೆಯೊಳಕ್ಕೂ ಬರುತ್ತಿತ್ತು. ಎಡಗೈ ಎತ್ತಿ, ತೆಗೆದುಕೊಂಡು ಹೋಗು ಎಂಬಂತೆ ಸನ್ನೆ ಮಾಡಿದರು.

ಮೂಲ ಮಾದರಿಯನ್ನು ನಾನು ಒಯ್ಯಲಿಲ್ಲ. ಗಾಜಿನ ಸೀಸೆಗೆ ಹಾಕಿ ಅವರ ತಲೆಯ ಹತ್ತಿರದ ಗೂಡಿನಲ್ಲಿಟ್ಟೆ. ಜೊತೆ ಚಿಪ್ಪುಗಳಲ್ಲಿ ಹುಳುವಿನ ಅವಶೇಷ ಸಿಕ್ಕರೆ ಮೂಲ ಮಾದರಿಯನ್ನು ಮುಟ್ಟುವುದೇ ಬೇಡ ಎಂದು ನನ್ನ ಲೆಕ್ಕಾಚಾರವಾಗಿತ್ತು. ಆ ಜೊತೆ ಚಿಪ್ಪುಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಡವನಹಳ್ಳಿ ಮೇಲೆ ಹೋಗುವ ಶಿರಾದ ಬಸ್ಸಿನಲ್ಲಿ ಹೋದೆ.

ಒಣಗಿದ ಹುಳುವನ್ನು ಮೆತ್ತಗೆ ಮಾಡಲು ಒಂದು ಕ್ಷಾರದ ದ್ರಾವಣವಿದೆ. ಅದರಲ್ಲಿ ನೆನೆಸಿಟ್ಟರೆ ಮಾಂಸ ನಿಧಾನವಾಗಿ ಊದಿಕೊಂಡು ಹತ್ತಿರಹತ್ತಿರ ಮೊದಲಿನ ಆಕಾರಕ್ಕೆ ಬರುತ್ತದೆ. ಆಮೇಲೆ ಇನ್ನಷ್ಟು ತೀಕ್ಷ್ಣವಾದ ಕ್ಷಾರ ಹಾಕಿದರೆ ಮಾಂಸವೆಲ್ಲ ಕರಗಿ ಹಲ್ಲಿನ ಪಟ್ಟಿ ಮಾತ್ರ ಉಳಿಯುತ್ತದೆ. ಮೊದಲ ಜೊತೆ ಚಿಪ್ಪನ್ನು ನೆನೆಸಿ ಚಿಮುಟದಿಂದ ಎಳೆದಾಗ ಒಳಗಿನಿಂದ ಬಂದದ್ದು ಸಣ್ಣದೊಂದು ಏಡಿಯ ಕಾಲು. ಖಾಲಿ ಚಿಪ್ಪಿನಲ್ಲಿ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ. ಮೇಷ್ಟ್ರು ಹೆಕ್ಕುವಾಗಲೇ ಆ ಹುಳು ಸತ್ತು ಎಷ್ಟು ಕಾಲವಾಗಿತ್ತೋ. ಎರಡನೆಯದರಲ್ಲಿ ಮಾಂಸವಿತ್ತು, ಆದರೆ ಶಿಲೀಂಧ್ರ ತಿಂದು ಜೊಳ್ಳಾಗಿತ್ತು. ಕ್ಷಾರ ಹಾಕಿ ಬಿಸಿ ಮಾಡಿದ ಮೇಲೆ ತಟ್ಟೆಯಲ್ಲಿ ಕಂದು ನೀರು ಬಿಟ್ಟರೆ ಏನೂ ಉಳಿಯಲಿಲ್ಲ. ಉಳಿದವೆಲ್ಲ ಬರೀ ಚಿಪ್ಪುಗಳು. ಆದರೂ ಒಂದೊಂದನ್ನೇ ನೆನೆಸಿ, ಸೂಜಿ ಹಾಕಿ ನೋಡಿದೆ. ನೋಡದೆ ಬಿಟ್ಟೆ ಎನ್ನುವ ಮಾತು ಮುಂದೆ ಬರಬಾರದಲ್ಲ.

ಮೂಲ ಮಾದರಿ ಒಂದೇ ಉಳಿಯಿತು.

ಮಧುಗಿರಿಗೆ ಮತ್ತೆ ಹೋದದ್ದು ಒಂದು ಶುಕ್ರವಾರ. ಮಗಳು ಗೊರವನಹಳ್ಳಿಗೆ ಹೋಗಿದ್ದಳು. ಅಪ್ಪ ಎದ್ದು ಓಡಾಡುವಂತಾದರೆ ಅಲ್ಲಿನ ಲಕ್ಷ್ಮಿಗೆ ಸೀರೆ ಉಡಿಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಮೇಷ್ಟ್ರ ಹತ್ತಿರ ಪಕ್ಕದ ಮನೆಯ ಹೆಂಗಸನ್ನು ಕೂರಿಸಿದ್ದಳು. ನಾನು ಬಂದದ್ದು ನೋಡಿ ಆಕೆ ಎದ್ದು ಹೋದಳು.

ಏಡಿಯ ವಿಷಯ ಹೇಳಿದಾಗ ಮೇಷ್ಟ್ರ ಮುಖದ ಒಂದು ಪಕ್ಕ ನಕ್ಕಿತು. "ಬಾಡಿಗೆದಾರ," ಎಂದರು. ಆಮೇಲೆ ಗೂಡಿನಲ್ಲಿದ್ದ ಸೀಸೆಯ ಕಡೆ ಕಣ್ಣು ಹಾಯಿಸಿದರು.

"ಇದನ್ನ ಹೆಂಗೆ ತೆಗೀತೀಯಾ?"

"ನೆನೆಸಿದ್ರೆ ಮೇಲಿನ ಹುಡಿಯೆಲ್ಲ ಕರಗಿ ನೀವು ಬರೆದ ಗುಬುಟುಗಳು ಹೊರಟುಹೋಗ್ತವೆ ಸಾರ್. ಎಳೆಯೋಕೆ ಹೋದ್ರೆ ಮುಚ್ಚಳ ಕಿತ್ತು ಬಂದು ತಲೆ ಭಾಗ ಒಳಗೇ ಉಳೀಬಹುದು. ಒಡೆದು ತೆಗೆಯೋದೇ ವಾಸಿ. ಒಡೆದ್ರೆ ಚಿಪ್ಪು ಇರಲ್ಲ."

"ಒಡೀದಿದ್ರೆ?"

"ಇನ್ನೊಂದೆರಡು ಮಳೆಗಾಲ ತಡೀಬಹುದು, ಅಷ್ಟೇ. ಈಗ ಬಿಟ್ರೆ ಲೇಖನದಲ್ಲಿ ಸಂಶಯಾಸ್ಪದ ಅಂತ ಬರೀತೀವಿ. ನೀವಿಟ್ಟ ಹೆಸರಿಗೆ ಏನೂ ಆಗಲ್ಲ. ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ."

ನನ್ನ ಆಸೆ ಅದೇ ಆಗಿತ್ತು, ಬಿಟ್ಟುಬಿಡು ಎಂದು ಅವರು ಹೇಳಲಿ ಎಂದು. ಅವರು ಬಹಳ ಹೊತ್ತು ಬಾಯಿ ಆಡಿಸಿದರು, ಮಾತು ಕೂಡಿಕೊಳ್ಳಲಿಲ್ಲ. ಕೂಡಿಕೊಂಡಾಗ ತರಗತಿಯಲ್ಲಿ ಗದರಿಸುತ್ತಿದ್ದ ದನಿಯೇ ಬಂತು.

"ಸಂಶಯ ಗಿಂಶಯ ಬ್ಯಾಡ ಕಣಮ್ಮ. ಐತೆ ಅಂದ್ರೆ ಐತೆ ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು. ನಾನಿನ್ನೂ ಬದುಕಿವ್ನಿ. ಒಡಿ."

ನಾನು ಸೀಸೆಯನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಮಗಳು ಬಂದಳು. ಕೈಯಲ್ಲಿ ಕುಂಕುಮದ ಪೊಟ್ಟಣ. ಅಪ್ಪನ ಹಣೆಗೆ ಇಟ್ಟು, ನನಗೂ ಕೊಟ್ಟು, ಖಾಲಿ ಗೂಡನ್ನು ನೋಡಿದಳು. ವಿಷಯ ಹೇಳಿದೆ.

"ಒಡೆಯದಾ?" ಎಂದಳು. "ಅಕ್ಕ, ನಾವ್ ಮಕ್ಳು ಆ ಬೀರು ಮುಟ್ಟಿದ್ರೆ ಹೊಡೆಯೋರು ಅವ್ರು. ನಮ್ಮಮ್ಮ ಸಾಯಾಗ್ಲೂ ಚಿಪ್ಪು ಹೆಕ್ಕೋ ಡಬ್ಬಿ ಹಿಡ್ಕಂಡು ಸಮುದ್ರದ್ ತಾವ ಇದ್ರು. ಈಗ ನೀವ್ ಬಂದು ಒಡೀತೀನಿ ಅಂತೀರಾ? ಅವ್ರು ಹಾಸಿಗೇಲಿ ಮಲ್ಗಿ ಏನೋ ಅಂದ್ರು ಅಂತ ನೀವು ಒಪ್ಕಂಡ್ಬುಡದಾ?"

"ಅವರ ಬುದ್ಧಿಗೆ ಏನೂ ಆಗಿಲ್ಲ ಕಣಮ್ಮ."

"ಬುದ್ಧಿ ಇರೋದ್ಕೇ ಹೇಳ್ತಿರೋದು. ಕೆಟ್ಟದ್ದು ಬಂದ್ರೆ ತಿಳ್ಕಳ್ಳಷ್ಟು ಬುದ್ಧಿ ಐತೆ ಅವ್ರಿಗೆ."

ಮಂಚದಿಂದ ಮೇಷ್ಟ್ರು ಅವಳ ಹೆಸರು ಹಿಡಿದು ಕೂಗಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಡಿಗೆಮನೆಗೆ ಹೋದಳು. ನನಗೆ ಕಾಫಿ ಕೊಡದೆ ಅವಳು ಕಳಿಸಿದ್ದು ಅದೇ ಮೊದಲು.

ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲು ಚಿಪ್ಪಿನ ಫೋಟೋಗಳನ್ನು ತೆಗೆದೆ. ಮುಂದೆ, ಹಿಂದೆ, ಬಾಯಿ, ತುದಿ, ತುಟಿಯೊಳಗಿನ ಸಣ್ಣ ಹಲ್ಲಿನಂಥ ಉಬ್ಬು. ಉದ್ದ ಅಗಲ ಅಳೆದೆ. ಆಮೇಲೆ ತೆಳ್ಳಗಿನ ಕಾಗದ ಸುತ್ತಿ ಕಬ್ಬಿಣದ ಚಿಕ್ಕ ವೈಸಿನ ದವಡೆಗಳ ನಡುವೆ ಇಟ್ಟು ತಿರುಪು ತಿರುಗಿಸಿದೆ. ಗಟ್ಟಿ ಚಿಪ್ಪಾದರೆ ಟಕ್ ಎಂದು ಒಡೆಯುವ ಸದ್ದು ಬರುತ್ತದೆ. ಇದರಲ್ಲಿ ಸದ್ದೇ ಬರಲಿಲ್ಲ. ಕಾಗದ ಬಿಚ್ಚಿದರೆ ಮೇಲಿನ ಸುರುಳಿಗಳು ಹುಡಿಯಾಗಿದ್ದವು, ಕೆಳಗಿನ ದೊಡ್ಡ ಸುರುಳಿ ಮೂರ್ನಾಲ್ಕು ತುಂಡಾಗಿತ್ತು. ನಡುವೆ ಬೆಲ್ಲದ ಚೂರಿನಂಥ ಕಂದು ಗಟ್ಟಿ. ಮುಚ್ಚಳ ಅದಕ್ಕೆ ಅಂಟಿಕೊಂಡಿತ್ತು.

ಅದನ್ನು ದ್ರಾವಣದಲ್ಲಿ ನೆನೆಸಿಟ್ಟೆ. ಊದಿಕೊಂಡ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ತಲೆಯ ಭಾಗ ಬಿಡಿಸಿದೆ. ಹಲ್ಲಿನ ಪಟ್ಟಿಯನ್ನು ಹೊತ್ತ ಸೊಂಡಿಲಿನಂಥ ನಾಳ ಒಳಕ್ಕೆ ಎಳೆದುಕೊಂಡು ಮಡಚಿಕೊಂಡಿತ್ತು. ಇತ್ತು ಎಂಬುದೇ ದೊಡ್ಡ ಸಮಾಧಾನ. ಅಷ್ಟನ್ನೇ ಕತ್ತರಿಸಿ ಗಾಜಿನ ಬಟ್ಟಲಲ್ಲಿಟ್ಟು ಕ್ಷಾರದ ಹನಿ ಬಿಟ್ಟೆ. ಹಿಂದೆ ಒಂದನ್ನು ಕಳೆದುಕೊಂಡಿದ್ದರಿಂದ ಈ ಸಲ ಬಿಸಿ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಂಸ ಮಸುಕಾಗಿ, ಒಳಗೆ ಕೂದಲಿಗಿಂತ ಸಣ್ಣನೆಯ ಹೊಳೆಯುವ ಎಳೆ ಕಾಣಿಸಿತು.

ಸೂಜಿಯಿಂದ ಅದನ್ನು ಶುದ್ಧ ನೀರಿನ ಹನಿಗೆ ಎತ್ತುವಾಗ ಅಲ್ಲಿಯತನಕ ಇಲ್ಲದ ಕರೆಂಟು ಬಂತು. ತಲೆಯ ಮೇಲಿನ ಫ್ಯಾನು ತಿರುಗತೊಡಗಿ ಬಟ್ಟಲಿನ ನೀರು ನಡುಗಿತು. ಫ್ಯಾನು ಆರಿಸಿ ಬಂದು ನೋಡಿದರೆ ಎಳೆ ಇಲ್ಲ. ಬಟ್ಟಲಲ್ಲಿ ಇಲ್ಲ, ಹನಿಯಲ್ಲಿ ಇಲ್ಲ, ಮೇಜಿನ ಮೇಲೆ ಇಲ್ಲ. ಮೇಷ್ಟ್ರ ಮನೆಗೆ ಹೋಗಿ ಇದನ್ನು ಯಾವ ಬಾಯಿಂದ ಹೇಳುವುದು? ಬಟ್ಟಲನ್ನು ಅಂಗುಲ ಅಂಗುಲವಾಗಿ ಜಾಲಾಡಿದೆ. ಸಂಜೆಯಾಗುವ ಹೊತ್ತಿಗೆ, ಬೇರೆ ದಾರಿ ಕಾಣದೆ ಸೂಜಿಯನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಳೆ ಅದರ ತುದಿಗೇ ಸುತ್ತಿಕೊಂಡು ಕೂತಿತ್ತು.

ಗಾಜಿನ ಮೇಲೆ ಬಿಡಿಸಿ, ಮುಚ್ಚುಗಾಜು ಹಾಕಿ, ದೊಡ್ಡ ಮಸೂರಕ್ಕೆ ತಿರುಗಿಸಿದೆ. ನಡುಹಲ್ಲುಗಳ ಸಾಲು ಸ್ಪಷ್ಟವಾಗಿ ಕಂಡಿತು. ನಡುವೆ ಉದ್ದನೆಯ ಮೊನೆ. ಅದರ ಎರಡು ಪಕ್ಕಕ್ಕೆ ಸಣ್ಣದೊಂದೊಂದು. ಅಂಚಿಗೆ ಮತ್ತೆ ಒಂದೊಂದು.

ಐದು.

ಅಂಚಿನವು ಮೊನೆಗಳೇ ಅಲ್ಲ, ಮಡಿಕೆಗಳಿರಬಹುದು ಎಂದು ಗಾಜನ್ನು ಸ್ವಲ್ಪ ಸರಿಸಿ, ಬೆಳಕು ತಗ್ಗಿಸಿ ನೋಡಿದೆ. ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲ ಸಾಲಿನಲ್ಲೂ ಐದೇ. ಹಳೆಯ ಕುಲದ ಚಿತ್ರವನ್ನು ಪಕ್ಕದಲ್ಲಿಟ್ಟರೆ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಗೆಳೆಯನಿಗೆ ಫೋಟೋ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿದ.

"ಛೆ. ಕವಲನ್ನು ಸರಿಯಾಗಿಯೇ ಕಂಡಿದ್ದಾರೆ ಮಾರಾಯ್ರೆ, ಹೆಸರನ್ನು ತಪ್ಪು ಕೊಂಬೆಗೆ ಕಟ್ಟಿಬಿಟ್ಟಿದ್ದಾರೆ. ಉಳಿದ ಎರಡರಲ್ಲಿ ಒಂದನ್ನು ಮಾದರಿ ಮಾಡಿದ್ರೆ ಇವತ್ತು ಆ ಕುಲ ನಿಲ್ತಿತ್ತು."

"ಈಗ ಆ ಎರಡಕ್ಕೆ ಕುಲದ ಹೆಸರೇ ಇಲ್ಲ ಅಲ್ವಾ?"

"ಇಲ್ಲ. ಹೊಸ ಹೆಸರು ನಾವೇ ಇಡ್ಬೇಕು. ಮೇಷ್ಟ್ರ ಹೆಸರಿನಿಂದಲೇ ಇಡುವ. ಅಷ್ಟಾದ್ರೂ ಮಾಡುವ."

ಆ ಮಾತು ಹಿಡಿದುಕೊಂಡೇ ನಾನು ಮಧುಗಿರಿಗೆ ಹೊರಟದ್ದು. ಒಂದು ಕೆಟ್ಟ ಸುದ್ದಿಯ ಹಿಂದೆ ಒಂದು ಒಳ್ಳೆಯದನ್ನಾದರೂ ಹೇಳಬಹುದಲ್ಲ ಎನ್ನಿಸಿತ್ತು.

ಮಗಳು ಬಾಗಿಲಲ್ಲೇ ನಿಲ್ಲಿಸಿದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು.

"ಹೋಯ್ತಾ?"

"ಹೋಯ್ತು ಕಣಮ್ಮ."

"ಅಂಗಾರೆ ಹೇಳ್ಬ್ಯಾಡಿ. ಇನ್ನೂ ನೋಡ್ತಾ ಇದೀನಿ ಅನ್ನಿ. ಅವ್ರೆಷ್ಟ್ ದಿನ ಇರ್ತಾರಕ್ಕ? ಅಲ್ಲೀವರ್ಗೂ ಬುಟ್ಬುಡಿ. ಆಮೇಲ್ ಏನಾದ್ರೂ ಬರ್ಕಳಿ, ನಾನ್ ಕೇಳಲ್ಲ." ಅವಳ ದನಿ ತಗ್ಗಿತ್ತು. ನನ್ನ ಮೊಣಕೈ ಹಿಡಿದುಕೊಂಡಿದ್ದಳು.

ನಾನು ಒಪ್ಪಿಕೊಂಡೆ. ನಿಜವಾಗಿಯೂ ಹೇಳಬಾರದು ಎಂದುಕೊಂಡೇ ಒಳಗೆ ಹೋದೆ. ಆದರೆ ಮೇಷ್ಟ್ರು ಏನು ಬಂತು ಎಂದು ಕೇಳಲಿಲ್ಲ. "ತೋರ್ಸು," ಎಂದು ಎಡಗೈ ಚಾಚಿದರು. ಫಲಿತಾಂಶ ಇನ್ನೂ ಬಂದಿಲ್ಲ ಎಂದು ನಾನು ಹೇಳಬಹುದಿತ್ತು. ಫೋನು ತೆಗೆದು, ಫೋಟೋ ದೊಡ್ಡದು ಮಾಡಿ ಅವರ ಕೈಗೆ ಕೊಟ್ಟೆ.

ಅವರು ಕಣ್ಣಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಹೆಬ್ಬೆರಳು ಪರದೆಯ ಮೇಲೆ ಒಂದೊಂದೇ ಮೊನೆಗೆ ಮೆಲ್ಲಗೆ ತಾಗುತ್ತ ಹೋಯಿತು.

"ಬೇರೆ ಸಾಲು ನೋಡಿದ್ಯಾ?"

"ಎಲ್ಲಾ ಸಾಲೂ ನೋಡಿದೆ ಸಾರ್."

"ಪಕ್ಕದ್ದು ಮಡಿಕೆ ಅಲ್ವಾ?"

"ಅಲ್ಲ ಸಾರ್. ಬೆಳಕು ತಗ್ಗಿಸಿ ನೋಡಿದೆ."

ಫೋನನ್ನು ಎದೆಯ ಮೇಲಿಟ್ಟುಕೊಂಡರು. ಉಳಿದ ಎರಡು ಪ್ರಭೇದ ಬೇರೆ ಕವಲೇ ಹೌದು, ಅದನ್ನು ಮೊದಲು ಕಂಡವರು ನೀವೇ, ಅದಕ್ಕೆ ಈಗ ನಿಮ್ಮ ಹೆಸರಿನಿಂದಲೇ ಹೊಸ ಕುಲ ಮಾಡುತ್ತೇವೆ ಎಂದು ನಾನು ಅವಸರ ಅವಸರವಾಗಿ ಹೇಳಿದೆ. ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಬ್ಯಾಡ," ಎಂದರು ಮೇಷ್ಟ್ರು.

"ಯಾಕೆ ಸಾರ್?"

ಮಾತು ತುಂಡು ತುಂಡಾಗಿ ಬಂತು. "ಆ ಎರಡು ಬೇರೆಯೋರ್ ಕಂಡಿದ್ದು. ಮೂರ್ನೇದು ನಂದು. ಅದುನ್ನ ಮಾದ್ರಿ ಮಾಡಿದ್ರೆ ಕುಲ, ಪ್ರಭೇದ ಎರಡ್ ಕಡೆನೂ ಹೆಸ್ರಿಟ್ಟೋನು ಅಂತ ನನ್ ಹೆಸ್ರು ಬರ್ತದೆ ಅಂತ ಆಸೆ ಬಿದ್ದೆ. ಅದ್ರ ಹಲ್ಲು ನೋಡ್ಲಿಲ್ಲ. ನೋಡ್ಬೋದಿತ್ತು ಕಣಮ್ಮ. ಆಗ ಹುಳ ಹಸೀದಿತ್ತು." ಉಸಿರು ಎಳೆದುಕೊಂಡರು. "ಮನುಷ್ರ ಹೆಸ್ರು ಇಡ್ಬ್ಯಾಡಿ. ಯಾರ್ದೂ ಬ್ಯಾಡ. ಚಿಪ್ಪು ಹೆಂಗೈತೋ ಅಂಗೆ ಇಡಿ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಸು ಎಂದು ಮಗಳಿಗೆ ಸನ್ನೆ ಮಾಡಿದರು. ಅವಳು ಬಂದು ಹೆಗಲ ಕೆಳಗೆ ಕೈ ಹಾಕಿ ನಿಧಾನವಾಗಿ ತಿರುಗಿಸಿದಳು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಅವರ ಊಟ ಕಡಿಮೆಯಾಯಿತು ಎಂದು ಪಕ್ಕದ ಮನೆಯ ಹೆಂಗಸು ಫೋನಿನಲ್ಲಿ ಹೇಳಿದಳು. ಬೀರುವಿನಲ್ಲಿ ಉಳಿದ ಚಿಪ್ಪುಗಳನ್ನು ಲೋಹದ ಪೆಟ್ಟಿಗೆಗಳಿಗೆ ಸಾಗಿಸಲು ನಾನು ಎರಡು ಸಲ ಹೋದೆ. ಒಂದೊಂದನ್ನೂ ತೊಳೆದು, ಒಣಗಿಸಿ, ಗಾಜಿನ ಸೀಸೆಗೆ ಹಾಕುವ ಕೆಲಸ. ಆ ಎರಡು ಸಲವೂ ಅವರು ಎಚ್ಚರವಿದ್ದೂ ಕಣ್ಣು ಮುಚ್ಚಿಕೊಂಡೇ ಇದ್ದರು. ಹಿಂಗಾರು ಶುರುವಾದ ಮೇಲೆ ಮತ್ತೊಮ್ಮೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಕಳ್ಳಂಬೆಳ್ಳದ ಹತ್ತಿರ ಅವರ ಹೊಲದಲ್ಲಿ ಮಣ್ಣು ಮಾಡಿದರು. ನೆಂಟರಲ್ಲಿ ಕೆಲವರು ಕುರಿಗಳನ್ನು ಬೇರೆಯವರ ಸುಪರ್ದಿಗೆ ಬಿಟ್ಟು, ಹೆಗಲ ಮೇಲಿನ ಕಂಬಳಿಯಲ್ಲೇ ಬಂದಿದ್ದರು. ನಾನೂ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆ.

ಹೊಸ ಕುಲಕ್ಕೆ ಹೆಸರಿಡುವ ಕೆಲಸ ಹಾಗೇ ಉಳಿದಿತ್ತು. ಗೆಳೆಯ ಮತ್ತೆ ಅದೇ ಮಾತೆತ್ತಿದ.

"ಬದುಕಿದ್ದಾಗ ಸಂಕೋಚದಿಂದ ಬೇಡ ಅಂದಿರ್ತಾರೆ. ಈಗ ಇಡುವ. ಯಾರಿಗೂ ಆಕ್ಷೇಪ ಇರ್ಲಿಕ್ಕಿಲ್ಲ."

ತಿಥಿ ಕಳೆದ ಮೇಲೆ ಮಗಳೂ ಫೋನ್ ಮಾಡಿದಳು. ಅವಳು ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದು ಎರಡನೆಯ ಸಲ. "ಅಪ್ಪನ್ ಹೆಸ್ರು ಇಡ್ಬೋದಂತಲ್ಲ ಅಕ್ಕ. ಇಟ್ಬುಡಿ. ಅಷ್ಟ್ ವರ್ಷ ನಮ್ನೂ ಬುಟ್ಟು ಅದ್ರ ಹಿಂದೆ ಹೋದ್ರು. ಒಂದ್ ಹೆಸ್ರಾದ್ರೂ ಬ್ಯಾಡ್ವಾ?"

ಆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವಳು ಕೇಳುತ್ತಿದ್ದುದು ನ್ಯಾಯವಾಗಿಯೇ ಇತ್ತು. ಅಪ್ಪನ ಮೈ ತೊಳೆದವಳು, ತುತ್ತು ತಿನ್ನಿಸಿದವಳು ಅವಳು. ನನಗೆ ಅವರು ಬಾಯಿ ಬಿಟ್ಟು ಹೇಳಿದ ಒಂದು ಮಾತು ಮಾತ್ರ ಇತ್ತು. ಅವಳೊಮ್ಮೆ ಬೇಡಿಕೊಂಡದ್ದನ್ನು ಒಪ್ಪಿಕೊಂಡು, ಒಳಗೆ ಹೋಗಿ ಮುರಿದಿದ್ದೆ. ಈಗ ಮೇಷ್ಟ್ರ ಮಾತನ್ನೂ ಮುರಿದರೆ ಆ ಚಿಪ್ಪನ್ನು ಯಾತಕ್ಕೆ ಒಡೆದೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರುತ್ತಿರಲಿಲ್ಲ. ಆ ಎರಡು ಪ್ರಭೇದಗಳ ಹೊರತುಟಿಯ ಅಂಚಿನಲ್ಲಿ ಆಳವಾದ ಒಂದು ಗೀರು ಇದೆ. ಅದನ್ನೇ ಹಿಡಿದು ಲ್ಯಾಟಿನ್ನಿನಲ್ಲಿ ಹೆಸರು ಮಾಡಿದೆವು. ಮೇಷ್ಟ್ರ ಕುಲದ ಹೆಸರು ಹಳೆಯ ಕುಲದ ಕೆಳಗೆ, ಅಮಾನ್ಯವಾದ ಪರ್ಯಾಯ ಹೆಸರುಗಳ ಸಾಲಿಗೆ ಹೋಯಿತು. ಒಡೆದ ತುಂಡುಗಳು ಮತ್ತು ಹಲ್ಲಿನ ಪಟ್ಟಿಯ ಗಾಜು ಕರಾವಳಿಯ ಕೇಂದ್ರದ ಲೋಹದ ಕಪಾಟಿಗೆ ಹೋದವು.

ಲೇಖನದ ಕೊನೆಯ ಭಾಗದಲ್ಲಿ ನಾನು ಒಂದು ವಾಕ್ಯ ಸೇರಿಸಿದ್ದೆ. ಪತ್ರಿಕೆಯ ಪರವಾಗಿ ಪರಿಶೀಲನೆ ಮಾಡಿದವರು ಅದರ ಕೆಳಗೆ ಗೆರೆ ಎಳೆದು, ಇದು ವರ್ಗೀಕರಣಕ್ಕೆ ಅನಗತ್ಯ, ತೆಗೆಯಿರಿ ಎಂದು ಬರೆದಿದ್ದರು. ಅವರು ಹೇಳಿದ ಬೇರೆಲ್ಲ ತಿದ್ದುಪಡಿ ಮಾಡಿದೆ. ಇದನ್ನು ತೆಗೆಯಲಿಲ್ಲ. ಯಾಕೆ ತೆಗೆಯುವುದಿಲ್ಲ ಎಂದು ವಿವರಿಸಿ ಬರೆದೆ. ಮತ್ತೆ ಬೇಡ ಎಂದರು. ಮತ್ತೆ ಬರೆದೆ. ಈ ಒಂದು ವಾಕ್ಯಕ್ಕಾಗಿ ಲೇಖನವೇ ನಿಂತುಹೋಗಬಹುದು ಎಂದು ಗೆಳೆಯ ಹೆದರಿದ್ದ. ಕೊನೆಗೆ ಹಾಗೆಯೇ ಅಚ್ಚಾಯಿತು.

ಅಚ್ಚಾದ ಹಾಳೆಗಳನ್ನು ತೆಗೆದುಕೊಂಡು ಮೇಷ್ಟ್ರ ಮಗಳನ್ನು ನೋಡಲು ಹೋದೆ. ಕೊರಟಗೆರೆ ರಸ್ತೆಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ಅವಳು ಟೀಚರು. ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದುಕೊಂಡು ಸಾಲಾಗಿ ಕೂತಿದ್ದರು. ಅವಳು ಬಾಗಿಲಿಗೆ ಬಂದು, ಒಳಗೆ ಕರೆಯದೆ, ಹೊಸಿಲಲ್ಲೇ ನಿಂತಳು.

"ಇಟ್ರಾ?"

"ಇಲ್ಲ. ಅವರು ಬೇಡ ಅಂದಿದ್ರಲ್ಲ."

ಅವಳು ತಲೆಯಾಡಿಸಿದಳು. ಸಿಟ್ಟಾದಂತೆ ಕಾಣಲಿಲ್ಲ. "ನೀವ್ ಇಡಲ್ಲ ಅಂತ ಗೊತ್ತಿತ್ತು ಬುಡಿ. ಅವತ್ತು ನೀವ್ ಒಂದ್ ಸುಳ್ಳು ಹೇಳಿದ್ರೆ ಇನ್ನೊಂದ್ನಾಕ್ ದಿನ ಉಣ್ಣೋರು."

ಎರಡನೆಯ ಪಾರ್ಶ್ವವಾಯುವಿಗೂ ಆ ದಿನಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಅವಳಿಗೂ ಹೇಳಿದ್ದರು, ನನಗೂ ಹೇಳಿದ್ದರು. ಆ ಮಾತನ್ನು ಅಲ್ಲಿ ಎತ್ತಲು ನನ್ನಿಂದಾಗಲಿಲ್ಲ. ಹಾಳೆ ತೆರೆದು, ಅಪ್ಪನ ಬಗ್ಗೆ ಇದರಲ್ಲಿ ಒಂದು ಸಾಲು ಇದೆ, ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೇಳಲೇ ಎಂದು ಕೇಳಿದೆ. ಹೇಳಿ ಎಂದಳು.

"ಈ ಪ್ರಭೇದಗಳು ಪ್ರತ್ಯೇಕ ಕುಲಕ್ಕೆ ಸೇರಿದವು ಎಂಬುದನ್ನು ಮೊದಲು ಗುರುತಿಸಿದವರು ಅವರು."

ಒಳಗೆ ಒಂದು ಮಗು ಇನ್ನಷ್ಟು ಸಾರು ಕೇಳುತ್ತಿತ್ತು. ಅವಳು ಆ ಕಡೆ ತಿರುಗಲಿಲ್ಲ.

"ಇನ್ನೊಂದ್ ಸಲ ಹೇಳಿ."

ಹೇಳಿದೆ.

"ಅಷ್ಟೇನಾ ಅಕ್ಕ?"

"ಅಷ್ಟೇ ಕಣಮ್ಮ."

ಅವಳು ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡಳು. ಆ ಸಾಲು ಯಾವುದು ಎಂದು ಕೇಳಿ, ನಾನು ತೋರಿಸಿದ ಜಾಗದಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೌಟು ಎತ್ತಿಕೊಂಡು ಮಕ್ಕಳ ಹತ್ತಿರ ಹೋದಳು.